ನೀಲವ್ವನ ದಾಖಲೆ ನನ್ನ ಬೀರುವಿನಲ್ಲಿತ್ತು

ಸೂರತ್ತಿನ ಕೋರ್ಟಿನಲ್ಲಿ, ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ, ನಾನು ಸುಳ್ಳು ಹೇಳಿದೆ. ಒಂದೇ ಒಂದು ವಾಕ್ಯ. ಹೇಳಿ ಮುಗಿಸಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಆ ವಾಕ್ಯದಿಂದಾಗಿ ತನ್ನ ತಾಯಿಯ ಮನೆಗೆ ಹೋಗಬೇಕಾಗಿದ್ದ ಹದಿನಾರು ವರ್ಷದ ಹುಡುಗಿಯೊಬ್ಬಳು, ಯಾವ ಓಣಿಯಿಂದ ಪೊಲೀಸರು ಅವಳನ್ನು ಎತ್ತಿ ತಂದಿದ್ದರೋ ಅದೇ ಓಣಿಗೆ ವಾಪಸು ಹೋದಳು. ಅವಳ ಹೆಸರು ನೀಲವ್ವ. ಮೂರು ವರ್ಷ ನನ್ನ ಮನೆಯಲ್ಲಿದ್ದವಳು, ನನ್ನ ಮಗಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈ ವಿಷಯವನ್ನು ನನ್ನ ಯಜಮಾನರಿಗೂ ನಾನು ಹೇಳಿರಲಿಲ್ಲ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಇನ್ನು ಹೇಳುವಂತೆಯೂ ಇಲ್ಲ.

ನನ್ನ ಬಾಯಿ ಜೋರು ಅಂತ ತೌರಿನಲ್ಲೂ ಹೆಸರು, ಅತ್ತೆ ಮನೆಯಲ್ಲೂ ಹೆಸರು. ಹಾಸನದ ಕಡೆಯವಳು ನಾನು. ವಿಮಾ ಕಚೇರಿಯಲ್ಲಿದ್ದವರನ್ನು ಮದುವೆಯಾಗಿ ಅಹಮದಾಬಾದಿನ ಮಣಿನಗರಕ್ಕೆ ಬಂದಾಗ ಇಪ್ಪತ್ತೆರಡು ವರ್ಷ. ಆರು ತಿಂಗಳಲ್ಲಿ ಗುಜರಾತಿ ಕಲಿತೆ. ವರ್ಷದಲ್ಲಿ ಗುಜರಾತಿಯಲ್ಲೇ ಜಗಳವಾಡುವುದನ್ನೂ ಕಲಿತೆ. ತರಕಾರಿಯವನಿರಲಿ, ಬಾಡಿಗೆ ಮನೆಯವರಿರಲಿ, ಎಲ್ಲಿಯೂ ನಾನು ಸೋತು ಬಂದವಳಲ್ಲ. ಕನ್ನಡ ಸಂಘದ ಹೆಂಗಸರು ಆಸ್ಪತ್ರೆಗೋ ರೇಷನ್ ಕಚೇರಿಗೋ ಹೋಗಬೇಕಾದರೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. "ಲಲಿತಾ ಇದ್ರೆ ಮಾತು ನಮ್ಮ ಕಡೆಗೇ" ಅನ್ನುತ್ತಿದ್ದರು. ಆ ಮಾತಿನಿಂದ ನಾನೂ ಚೆನ್ನಾಗಿಯೇ ಉಬ್ಬಿಕೊಂಡಿದ್ದೆ.

ವರ್ಗವಾಗಿ ವಡೋದರೆಗೆ ಬಂದು, ಅಲ್ಕಾಪುರಿಯ ಹಿಂಬದಿಯ ಬಾಡಿಗೆ ಮನೆಯಲ್ಲಿದ್ದಾಗ ಪಲ್ಲವಿ ಹುಟ್ಟಿದಳು. ನಾವು ಪುಟ್ಟಿ ಅನ್ನುತ್ತಿದ್ದೆವು. ಆಗ ನಮ್ಮ ಹೆಂಗಸರಲ್ಲೆಲ್ಲ ಒಂದು ಭಯ ಇತ್ತು — ಮಕ್ಕಳಿಗೆ ಕನ್ನಡ ಬಾರದೇ ಹೋಗುತ್ತದಲ್ಲ ಎಂಬ ಭಯ. ನೆರೆಯವರು ಗುಜರಾತಿ, ಆಟದ ಗೆಳೆಯರು ಗುಜರಾತಿ, ಟಿವಿ ಹಿಂದಿ. ಮಗು ಮೊದಲ ಮಾತೇ "ಪಾಣಿ" ಅಂದರೆ ಅಜ್ಜಿ ತಾತಂದಿರ ಎದುರು ಏನು ಮುಖ ತೋರಿಸುವುದು? ಅದಕ್ಕೇ ನಮ್ಮವರು ಒಂದು ಉಪಾಯ ಮಾಡಿಕೊಂಡಿದ್ದರು: ಮಗುವನ್ನು ನೋಡಿಕೊಳ್ಳಲು ಕರ್ನಾಟಕದಿಂದಲೇ ಒಂದು ಹುಡುಗಿಯನ್ನು ಕರೆಸಿಕೊಳ್ಳುವುದು. ಕೆಲಸಕ್ಕೂ ಆಯಿತು, ಮಗುವಿನ ಕಿವಿಗೆ ಕನ್ನಡವೂ ಬಿತ್ತು. ಹುಡುಗಿಯರನ್ನು ತಂದುಕೊಡುತ್ತಿದ್ದವಳು ಚಂದ್ರಾಬಾಯಿ ಅಂತ ಬೆಳಗಾವಿ ಗಡಿಯ ಹೆಂಗಸು. ಕನ್ನಡ, ಮರಾಠಿ, ಗುಜರಾತಿ ಮೂರೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಹಣೆ ತುಂಬ ಕುಂಕುಮ, ಬಾಯಿ ತುಂಬ "ಅಕ್ಕಾರ, ಅಕ್ಕಾರ". ಅವಳು ಬೇರೆ ಇನ್ನೇನು ಮಾಡುತ್ತಾಳೆ, ನಮ್ಮ ಮನೆ ಬಿಟ್ಟ ಹುಡುಗಿಯರು ಮುಂದೆ ಎಲ್ಲಿ ಹೋಗುತ್ತಾರೆ — ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನೀಲವ್ವ ನನ್ನ ಕೈಗೆ ಬಂದದ್ದು ಮಿರಜ್ ಸ್ಟೇಷನ್ನಿನಲ್ಲಿ. ಊರಿಗೆ ಹೋಗಿ ಬರುತ್ತಿದ್ದೆವು. ಅಲ್ಲಿ ರೈಲು ಬದಲಾಯಿಸಬೇಕಿತ್ತು. ಚಂದ್ರಾಬಾಯಿ ಹೇಳಿದಂತೆಯೇ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದಳು. ಪಕ್ಕದಲ್ಲಿ ಜಮಖಂಡಿ ಕಡೆಯ ಹಳ್ಳಿಯ ಬಾಳವ್ವ, ಅವಳ ಸೆರಗು ಹಿಡಿದುಕೊಂಡು ಹನ್ನೆರಡು ವರ್ಷದ ಮಗಳು. ಬಾಳವ್ವ ತನ್ನ ಉಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕಾಗದ ತೆಗೆದು ನನ್ನ ಕೈಯಲ್ಲಿಟ್ಟಳು. ಶಾಲೆ ಬಿಟ್ಟಾಗ ಕೊಡುವ ದಾಖಲೆ. ಆರನೆಯ ತರಗತಿ ಪಾಸು.

"ಅಕ್ಕಾರ, ಚಂದ್ರಾಬಾಯಿ ಹೇಳ್ಯಾಳ್ರಿ, ನೀವು ಸಾಲಿಗೆ ಹಚ್ಚತೀರಂತ. ಹುಡುಗಿ ಶಾಣ್ಯಾ ಅದಾಳ್ರಿ. ಹಚ್ಚತೀರಲ್ರಿ?"

ಚಂದ್ರಾಬಾಯಿ ನನ್ನ ಮುಖ ನೋಡಿದಳು. ರೈಲು ಹೊರಡುವುದರಲ್ಲಿತ್ತು. "ಹೂಂ, ಹಚ್ಚೋಣ" ಅಂದೆ. ಆ ತಾಯಿ ಬಗ್ಗಿ ನನ್ನ ಕಾಲು ಮುಟ್ಟಿದಳು.

ಪೂರ್ತಿ ಮರೆತೆ ಅಂದರೆ ಅದೂ ಸುಳ್ಳು. ಒಂದು ಸಲ ಹತ್ತಿರದ ಗುಜರಾತಿ ಶಾಲೆಗೆ ಹೋಗಿ ಕೇಳಿದೆ. ಭಾಷೆ ಬಾರದ ಹುಡುಗಿಯನ್ನು ಏಳನೆಯದಕ್ಕೆ ಕೂರಿಸಲಾಗದು, ಮೊದಲು ಕಲಿಸಿ ಕರೆತನ್ನಿ ಅಂದರು. ಮುಂದಿನ ಜೂನ್‌ನಲ್ಲಿ ನೋಡೋಣ ಅಂದುಕೊಂಡೆ. ಮುಂದಿನ ಜೂನ್‌ನಲ್ಲಿ ಪುಟ್ಟಿಗೆ ದಡಾರ ಎದ್ದಿತ್ತು. ಅದರ ಮುಂದಿನ ಜೂನ್‌ನಲ್ಲಿ — ಏನೋ ಇತ್ತು, ಏನೂ ಇರಲಿಲ್ಲ. ಅವಳು ಮನೆಯಲ್ಲಿ ಇಲ್ಲದೆ ನನಗೆ ಆಗುತ್ತಿರಲಿಲ್ಲ, ಅಷ್ಟೇ ವಿಷಯ. ದಾಖಲೆ ನನ್ನ ಕಬ್ಬಿಣದ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಹೋಯಿತು.

ಅವಳು ಎಂಥ ಹುಡುಗಿಯಾಗಿದ್ದಳು ಅಂತ ಹೇಳಬೇಕು. ಕಪ್ಪಗೆ, ತೆಳ್ಳಗೆ, ಸದಾ ಏನಾದರೂ ಗುನುಗುತ್ತಿದ್ದವಳು. ಕೆಲಸ ಮಾಡುತ್ತಲೇ ಪುಟ್ಟಿಯ ಜೊತೆ ಮಾತು: "ಬಾ ನನ್ನವ್ವ, ಉಣಬಾ. ಕಾಗಿಗೊಂದು ತುತ್ತು, ನಿನಗೊಂದು ತುತ್ತು. ಕಾಗಿ ಉಂತು, ನೀ ಯಾಕ ಉಣವಲ್ಲಿ?" ಮಾತು ಕಲಿಸಿದವಳು ಅವಳೇ. ಎರಡೂವರೆ ವರ್ಷಕ್ಕೆ ಪುಟ್ಟಿ ಪಟಪಟ ಮಾತಾಡತೊಡಗಿದಳು. ನನ್ನನ್ನು ಅಮ್ಮ ಅನ್ನಲಿಲ್ಲ — ಅವ್ವಾ ಅಂದಳು. ಇವತ್ತಿಗೂ ಅವ್ವಾ ಅಂತಲೇ ಕರೆಯುತ್ತಾಳೆ.

ಸಂಘದ ರಾಜ್ಯೋತ್ಸವದ ದಿನ ಮಕ್ಕಳನ್ನೆಲ್ಲ ವೇದಿಕೆಗೆ ಕರೆದು ಒಂದೊಂದು ಪ್ರಶ್ನೆ ಕೇಳುತ್ತಿದ್ದರು. ಪುಟ್ಟಿಗೆ ಆಗ ಐದು ವರ್ಷ. "ಬೆಳಗ್ಗೆ ಏನು ತಿಂದೆ ಪುಟ್ಟಿ?" ಅಂದರು. ಮೈಕಿನಲ್ಲಿ ನನ್ನ ಮಗಳು ಗಟ್ಟಿಯಾಗಿ, "ನಾ ಏನೂ ತಿಂದಿಲ್ರಿ. ಅವ್ವ ಸಜ್ಜಾಗಾಕ ಹತ್ತಿದ್ಲು, ಅಡಗಿನs ಮಾಡ್ಲಿಲ್ಲ" ಅಂದಳು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನಗಲಿ, ಅದರಲ್ಲೇನು! ಆದರೆ ಮುಂದಿನ ಸಾಲಿನಲ್ಲಿದ್ದ ಮೈಸೂರಿನ ಒಬ್ಬಾಕೆ ತಿರುಗಿ, "ಏನ್ರೀ ಲಲಿತಾ, ಮಗೂನ ಕೆಲಸದವಳ ಕೈಲೇ ಬೆಳೆಸ್ತಿದೀರಾ? ಭಾಷೆ ನೋಡ್ರೀ, ಅಯ್ಯೋ!" ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಗೆ ಬಂದವಳೇ ನೀಲವ್ವನ ಮೇಲೆ ಹರಿಹಾಯ್ದೆ. "ಇನ್ನು ಮೇಲೆ ಮಗು ಹತ್ರ ಬಾಯಿ ಬಿಡಬೇಡ, ತಿಳೀತಾ?" ಕನ್ನಡಕ್ಕಾಗಿ ಅವಳನ್ನು ಕರೆತಂದವಳು ನಾನು, ಆ ಕನ್ನಡ ಸಾಲದು ಅಂತ ಅವಳ ಬಾಯಿ ಮುಚ್ಚಿಸಿದವಳೂ ನಾನೇ. ಅವಳು ಬಾಯಿ ಮುಚ್ಚಿಕೊಂಡಳು. ಪುಟ್ಟಿ ಅವಳ ಗಲ್ಲ ಹಿಡಿದು, "ಮಾತಾಡ ನೀಲಕ್ಕಾ, ಸಿಟ್ಟಾದೇನು?" ಅಂತ ವಾರಗಟ್ಟಲೆ ಕೇಳುತ್ತಿತ್ತು.

ಎರಡು ತಿಂಗಳಿಗೆ ಸೂರತ್ತಿಗೆ ವರ್ಗವಾಯಿತು. ರಾಜ್ಯೋತ್ಸವದ ಅವಮಾನದ ಮೇಲೆ ನೀಲವ್ವನನ್ನು ಅಲ್ಲಿಗೂ ಕರೆದೊಯ್ಯುವ ಮನಸ್ಸಿರಲಿಲ್ಲ, ಊರಿಗೆ ಕಳಿಸಬೇಕಿತ್ತು. ಅಷ್ಟು ದೂರ ಒಂಟಿ ಹುಡುಗಿಯನ್ನು ಯಾರು ಕರೆದುಕೊಂಡು ಹೋಗುವುದು? ಯಜಮಾನರಿಗೆ ರಜೆ ಇಲ್ಲ. ನನಗೆ ಸಾಮಾನು ಕಟ್ಟುವ ಕೆಲಸ. ಚಂದ್ರಾಬಾಯಿಗೆ ಹೇಳಿ ಕಳಿಸಿದೆ. ಅವಳು ಬಂದು, "ಚಿಂತಿ ಬಿಡ್ರಿ ಅಕ್ಕಾರ, ಛಲೋ ಮನಿ ಒಂದು ಕೇಳ್ಯಾರ" ಅಂದಳು. ಯಾರ ಮನೆ, ಯಾವ ಊರು — ನಾನು ಬಾಯಿ ತೆರೆಯಲಿಲ್ಲ. ಜಗತ್ತಿಗೆಲ್ಲ ನೂರು ಪ್ರಶ್ನೆ ಕೇಳುವ ಹೆಂಗಸು ಅಂದು ಒಂದನ್ನೂ ಕೇಳಲಿಲ್ಲ.

ನೀಲವ್ವ ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಾ ಊರಿಗೆ ಹೊಕ್ಕೀನ್ರಿ ಅಕ್ಕಾರ. ನಮ್ಮವ್ವನ ಕಡೆ ಹೊಕ್ಕೀನಿ."

"ಒಂದು ವರ್ಷ ಇದ್ದು ಹೋಗುವಿಯಂತೆ. ಈಗ ಯಾರು ಕರ್ಕೊಂಡು ಹೋಗ್ತಾರೆ?"

"ನನ್ನ ದಾಖಲೆ ರೀ?"

"ನನ್ನ ಹತ್ರಾನೇ ಇರಲಿ. ನೀನು ಎಲ್ಲಾದ್ರೂ ಕಳೀತೀಯ" ಅಂದೆ. ಅವಳು ತಲೆಯಾಡಿಸಿದಳು. ಪುಟ್ಟಿ ಮಲಗಿತ್ತು, ಎದ್ದರೆ ರಂಪ ಮಾಡುತ್ತದೆ ಅಂತ ಬೇಗ ಬೇಗ ಕಳಿಸಿಬಿಟ್ಟೆ.

ವರ್ಷ ತುಂಬುತ್ತ ಬಂದಿತ್ತು. ಸೂರತ್ತಿನಲ್ಲಿ ಒಂದು ಬೆಳಗ್ಗೆ, ಸ್ಟೇಷನ್ ರಸ್ತೆಯಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ಭಟ್ಟರು ಫೋನ್ ಮಾಡಿದರು. ನಮ್ಮ ಭಾಷೆಯವರು ಯಾರಾದರೂ ಬೇಕಾದರೆ ಪೊಲೀಸರಿಗೂ ಕಚೇರಿಗಳವರಿಗೂ ಗೊತ್ತಿದ್ದದ್ದು ಅವರ ಹೋಟೆಲೊಂದೇ.

"ಅಕ್ಕ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು. ಪೊಲೀಸಿನವರು ಇಲ್ಲಿ ಬಂದು ಕೂತಿದ್ದಾರೆ ಮಾರಾಯ್ರೆ. ಆ ಕೆಟ್ಟ ಓಣಿಯಲ್ಲಿ ದಾಳಿ ಮಾಡಿದ್ದಂತೆ, ಒಂದು ಹುಡುಗಿ ಕನ್ನಡದ್ದಂತೆ. ಕೋರ್ಟಿನಲ್ಲಿ ಅವಳು ಹೇಳಿದ್ದನ್ನ ಗುಜರಾತಿಯಲ್ಲಿ ಹೇಳಬೇಕು. ಗಂಡಸರು ಹೋಗುವ ವಿಷಯ ಅಲ್ಲ ಇದು. ಮರ್ಯಾದಸ್ಥ ಹೆಂಗಸರೇ ಆಗ್ಬೇಕಂತೆ."

ಮರ್ಯಾದಸ್ಥ ಹೆಂಗಸರು! ನಾನು ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಕೂದಲು ಬಿಗಿದು ಕಟ್ಟಿ ಹೊರಟೆ. ಪಾಪ, ಯಾವ ತಾಯಿಯ ಮಗಳೋ, ಹೇಗಾದರೂ ಬಿಡಿಸಿ ಮನೆಗೆ ಕಳಿಸಬೇಕು ಅಂತ ರಿಕ್ಷಾದಲ್ಲಿ ಯೋಚಿಸುತ್ತ ಹೋದೆ. ನಿಜವಾಗಿಯೂ ಹಾಗೇ ಯೋಚಿಸುತ್ತಿದ್ದೆ.

ಮ್ಯಾಜಿಸ್ಟ್ರೇಟರು ವಯಸ್ಸಾದವರು, ಮೆದು ಮಾತಿನವರು. ತಮ್ಮ ಕೋಣೆಯಲ್ಲೇ ಕೂರಿಸಿ, ನೀರು ತರಿಸಿಕೊಟ್ಟು, ಗುಜರಾತಿನ ರೂಢಿಯಂತೆ ನನ್ನನ್ನು ಬೆನ್, ತಂಗಿ, ಅನ್ನುತ್ತ ವಿಷಯ ಬಿಡಿಸಿ ಹೇಳಿದರು. "ನೋಡಿ ಬೆನ್, ಈ ಹುಡುಗಿಗೆ ಹದಿನೆಂಟು ತುಂಬಿಲ್ಲ ಅಂತಾದರೆ ಕಾನೂನು ಇವಳನ್ನು ಕಾಯುತ್ತದೆ. ರಕ್ಷಣಾ ಗೃಹದಲ್ಲಿಟ್ಟು ತಂದೆತಾಯಿಯ ಹತ್ತಿರ ಕಳಿಸುತ್ತೇವೆ. ಇವಳನ್ನು ತಂದು ಮಾರಿದವರು ಏಳು ವರ್ಷಕ್ಕೆ ಕಡಿಮೆಯಿಲ್ಲದೆ ಜೈಲಿಗೆ ಹೋಗುತ್ತಾರೆ. ತುಂಬಿದೆ ಅಂತಾದರೆ, ಬೀದಿಯಲ್ಲಿ ನಿಂತು ಗಿರಾಕಿ ಕರೆದಳು ಅಂತ ಪೊಲೀಸರು ಹಾಕಿರುವ ಕೇಸು ನಿಲ್ಲುತ್ತದೆ. ಡಾಕ್ಟರು ಎಲುಬಿನ ಎಕ್ಸ್‌ರೇ ನೋಡಿ ಹದಿನೆಂಟು ಅಂದಿದ್ದಾರೆ. ಅದು ಅಂದಾಜು, ಎರಡು ವರ್ಷ ಆಚೆ ಈಚೆ ಆಗಬಹುದು. ಕೈಯಲ್ಲಿ ಒಂದು ಕಾಗದ ಇದ್ದರೆ ನನಗೆ ಸಾಕು. ಕೇಳಿ ನೋಡಿ."

ಹೇಳಿದ್ದನ್ನು ಹೇಳಿದಂತೆಯೇ ತಿಳಿಸುತ್ತೇನೆ ಅಂತ ನನ್ನಿಂದ ಪ್ರಮಾಣ ಮಾಡಿಸಿದರು. ಆಮೇಲೆ ಹುಡುಗಿಯನ್ನು ಕರೆತಂದರು.

ಹಸಿರು ನೈಲಾನ್ ಸೀರೆ. ತುಟಿಯ ಅಂಚಿನಲ್ಲಿ ಒಣಗಿದ ಗಾಯ. ಮೊದಲು ಗುರುತು ಹಿಡಿದವಳು ಅವಳು. "ಅಕ್ಕಾರ!" ಅಂದಳು — ಆ ಮುಖ, ಆ ಮುಖ ಹೇಗೆ ಅರಳಿತು ಅಂತ ನಾನು ಹೇಗೆ ಬರೆಯಲಿ? "ನೀವು ಬರ್ತೀರಂತ ನನಗ ಗೊತ್ತಿತ್ರಿ. ನನ್ನ ಕರಕೊಂಡು ಹೋಗಾಕ ಬಂದ್ರಿ ಹೌದಿಲ್ರಿ?"

ಮ್ಯಾಜಿಸ್ಟ್ರೇಟರು ತಲೆಯೆತ್ತಿ, "ನಿಮ್ಮ ಪರಿಚಯ ಇದೆಯಾ ಇವಳಿಗೆ?" ಅಂದರು.

"ಇಲ್ಲ ಸಾಹೇಬರೇ," ಅಂದೆ ನಾನು. "ನಮ್ಮ ಆ ಕಡೆಯವರು ದೊಡ್ಡ ಹೆಂಗಸರನ್ನೆಲ್ಲ ಹೀಗೇ ಕರೆಯುತ್ತಾರೆ."

ಒಂದೇ ವಾಕ್ಯ ಅಂತ ಮೇಲೆ ಬರೆದೆನಲ್ಲ, ಅದೂ ನಿಜವಲ್ಲ. ಇದು ಮೊದಲನೆಯದು. ಒಂದಾದ ಮೇಲೆ ಇನ್ನೊಂದು ಬರಲೇಬೇಕಿತ್ತು.

ಯಾರು ತಂದರು ಅಂತ ಕೇಳಿಸಿದರು. "ಚಂದ್ರಾಬಾಯಿ ರೀ. ನಿಮ್ಮ ಮನಿಯಿಂದ ಕರಕೊಂಡು ಬಂದಾಕಿ ಸೀದಾ ಇಲ್ಲೇ ತಂದು ಬಿಟ್ಲು. ಅಕ್ಕಾರಿಗೆ ಹೇಳ್ರಿ ಅಂತ ಅತ್ತೀನ್ರಿ, ಬಡದ್ಲು" ಅಂದಳು. ನಾನು ಗುಜರಾತಿಯಲ್ಲಿ, "ಯಾರೋ ಒಬ್ಬ ಹೆಂಗಸಂತೆ, ಹೆಸರು ಗೊತ್ತಿಲ್ಲವಂತೆ" ಅಂದೆ. ಮನೆಯೊಳಗೆ ಕನ್ನಡವಷ್ಟೇ ಆಡಿಸಿ ಇಟ್ಟಿದ್ದ ಹುಡುಗಿಗೆ ನನ್ನ ವೇಗದ ಗುಜರಾತಿ ತಿಳಿಯಲಿಲ್ಲ. ಚಂದ್ರಾಬಾಯಿ ಸಿಕ್ಕಿಬಿದ್ದರೆ ನಮ್ಮವರ ಮನೆ ಮನೆಯ ಹೆಸರೂ ಹೊರಬರುತ್ತದೆ, ಮೊದಲು ನನ್ನದೇ — ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಅವಳ ತುಟಿಯ ಗಾಯ ಎದುರಿಗೇ ಇತ್ತು, ಆದರೂ ಇಷ್ಟೇ.

"ವಯಸ್ಸು ಎಷ್ಟು? ಹುಟ್ಟಿದ ದಿನಕ್ಕೆ ಏನಾದರೂ ಕಾಗದ ಇದೆಯಾ?"

ನಾನು ಕನ್ನಡದಲ್ಲಿ ಕೇಳಿದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸುತ್ತಿತ್ತು. ನೀಲವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. ಗೊತ್ತಿರುವುದನ್ನೇ ಯಾಕೆ ಕೇಳುತ್ತಾರೆ ಅಂತ ಅನ್ನಿಸಿರಬೇಕು. ಆಮೇಲೆ ಮ್ಯಾಜಿಸ್ಟ್ರೇಟರ ಕಡೆ ತಿರುಗಿ, ಅವರಿಗೇ ತಿಳಿಯುವಂತೆ ನಿಧಾನವಾಗಿ, ನನ್ನತ್ತ ಕೈ ತೋರಿಸಿ ಹೇಳಿದಳು:

"ಹದಿನಾರು ಮುಗದಾವ್ರಿ. ನನ್ನ ಸಾಲಿ ದಾಖಲೆ ಅಕ್ಕಾರ ಕಡೆ ಐತ್ರಿ."

ಮ್ಯಾಜಿಸ್ಟ್ರೇಟರು ಪೆನ್ನು ಹಿಡಿದು ನನ್ನ ಮುಖ ನೋಡುತ್ತ ಕಾದರು.

"ವಯಸ್ಸು ಸರಿಯಾಗಿ ಗೊತ್ತಿಲ್ಲವಂತೆ. ಕಾಗದ ಏನೂ ಇಲ್ಲವಂತೆ."

ಅವರು ಬರೆದುಕೊಂಡರು. ನಿಟ್ಟುಸಿರು ಬಿಟ್ಟರು ಕೂಡ, ನನಗೆ ಕೇಳಿಸಿತು. ಆಮೇಲೆ, ಕೇಸಿನ ತಪ್ಪು ಒಪ್ಪಿಕೊಳ್ಳುತ್ತಾಳೋ ಕೇಳಿ ಅಂದರು.

"ಯಾವ ತಪ್ರಿ?" ಅಂದಳು ನೀಲವ್ವ.

"ಹೂಂ ಅನ್ನು. ಬೇಗ ಬಿಟ್ಟುಬಿಡ್ತಾರೆ," ಅಂದೆ. ಇದನ್ನು ಯಾರೂ ನನಗೆ ಹೇಳು ಅಂದಿರಲಿಲ್ಲ. ಮುಗಿದರೆ ಸಾಕಾಗಿತ್ತು ನನಗೆ.

"ಅಕ್ಕಾರ ಅಂದಮ್ಯಾಲ ಹೂನ್ರಿ" ಅಂತ ತಲೆ ಬಗ್ಗಿಸಿದಳು.

ಅಷ್ಟೇ. ಅರ್ಧ ಗಂಟೆಯ ಕೆಲಸ. ಸಣ್ಣ ದಂಡ, ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆ. ನಾನು ಎದ್ದಾಗ ಮ್ಯಾಜಿಸ್ಟ್ರೇಟರು ಕೈಮುಗಿದು, "ನಿಮ್ಮಂಥ ಮರ್ಯಾದಸ್ಥರು ಇಂಥ ಕೆಲಸಕ್ಕೆ ಬರುವುದು ಅಪರೂಪ ಬೆನ್" ಅಂದರು. ನಾನೂ ಕೈಮುಗಿದೆ.

ಮನೆಗೆ ಹೋಗಿಬಿಡಬೇಕಿತ್ತು. ಹೋಗಲಿಲ್ಲ. ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ, ಟೈಪ್ ಮಾಡುವವರ ಮೇಜುಗಳ ಪಕ್ಕ ಸಂಜೆಯವರೆಗೆ ಕೂತಿದ್ದೆ. ಎಷ್ಟೋ ಸಲ ಎದ್ದೆ. ಬೀರು ತೆಗೆದು ದಾಖಲೆ ತರಲು ರಿಕ್ಷಾದಲ್ಲಿ ಹೋಗಿ ಬರುವುದು ಮುಕ್ಕಾಲು ಗಂಟೆ. ಮತ್ತೆ ಒಳಗೆ ಹೋಗಿ, ಸಾಹೇಬರೇ ನಾನು ಸುಳ್ಳು ಹೇಳಿದೆ ಅಂತ — ಎದ್ದವಳು ಮತ್ತೆ ಕೂರುತ್ತಿದ್ದೆ. ಯಜಮಾನರ ಕಚೇರಿ, ಸಂಘದ ಹೆಂಗಸರು, ಬಾಗಿಲಿಗೆ ಬರುವ ಪೊಲೀಸರು, ನೆರೆಯವರ ಕಣ್ಣು, ಎಲ್ಲ ಸಾಲಾಗಿ ಬಂದು ನನ್ನನ್ನು ಕೂರಿಸುತ್ತಿದ್ದವು.

ಐದು ಗಂಟೆಗೆ ಚಂದ್ರಾಬಾಯಿ ಬಂದಳು, ಜೊತೆಗೊಬ್ಬ ಗಂಡಸು. ದಂಡ ಕಟ್ಟಿದವಳು ಅವಳೇ. ನನ್ನನ್ನು ನೋಡಿ ದೂರದಿಂದಲೇ ನಕ್ಕು, "ನಮಸ್ಕಾರ್ರಿ ಅಕ್ಕಾರ" ಅಂದಳು. ಅವಳಿಗೆ ಎಲ್ಲ ತಿಳಿದಿತ್ತು. ನಮ್ಮಿಬ್ಬರ ನಡುವೆ ಇನ್ನು ಮುಚ್ಚುಮರೆ ಏನೂ ಉಳಿದಿರಲಿಲ್ಲ.

ನೀಲವ್ವ ಅವಳ ಕೈ ಬಿಡಿಸಿಕೊಂಡು ನನ್ನ ಹತ್ತಿರ ಬಂದಳು. ಅತ್ತಿರಲಿಲ್ಲ. "ನಾ ನಿಮ್ಮ ಕೂಡ ಬರ್ಲೇನ್ರಿ?" ಅಂದಳು. ನಾನು ಬೇವಿನ ಮರದ ಕಡೆ ತಿರುಗಿದೆ. ಆಮೇಲೆ — ಅವಳಿಗೆ ಆಗ ಅರ್ಥವಾಯಿತು ಅಂತ ಕಾಣುತ್ತದೆ — ಬೇರೆ ಮಾತು ತೆಗೆದಳು. "ಪುಟ್ಟಿ ಛಲೋ ಅದಾಳೇನ್ರಿ? ಈಗ ನಿಮ್ಮಂಗ ಮಾತಾಡ್ತಾಳೇನ್ರಿ?"

"ಹೂಂ" ಅಂದೆ. ಅದೂ ಸುಳ್ಳೇ. ಆಟೋ ಹೋಯಿತು.

ಮನೆಗೆ ಬಂದು ಬೀರು ತೆಗೆದೆ. ಸೀರೆಗಳ ಕೆಳಗೆ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಮುಖ್ಯೋಪಾಧ್ಯಾಯರ ದುಂಡನೆಯ ಅಕ್ಷರ, ನೇರಳೆ ಬಣ್ಣದ ಮೊಹರು. ಹುಟ್ಟಿದ ದಿನ ಅಂಕಿಯಲ್ಲಿ ಒಂದು ಸಲ, ಅಕ್ಷರದಲ್ಲಿ ಒಂದು ಸಲ. ಬೆರಳು ಮಡಿಸಿ ಎಣಿಸಿದೆ. ಹದಿನಾರು ವರ್ಷ ನಾಲ್ಕು ತಿಂಗಳು. ಕೆಳಗೆ ನಡತೆ ಅನ್ನುವ ಕಡೆ "ಉತ್ತಮ" ಅಂತ ಬರೆದಿತ್ತು. ಕಾನೂನಿನಲ್ಲಿ ಕೊರತೆ ಇರಲಿಲ್ಲ. ನ್ಯಾಯ ಹೇಳುವವರು ಒಳ್ಳೆಯವರೇ ಇದ್ದರು. ಪೊಲೀಸರೂ ಅಂದು ತಮ್ಮ ಕೆಲಸ ಮಾಡಿದ್ದರು. ಒಂದು ಕಾಗದ ಬೇಕಿತ್ತು. ಅದು ನನ್ನ ಕೈಯಲ್ಲಿತ್ತು.

ಮರುದಿನ ಹೋಗಬಹುದಿತ್ತು. ಆ ವಾರ ಹೋಗಬಹುದಿತ್ತು. ತಿಂಗಳ ಮೇಲೆ ಒಂದು ದಿನ ಧೈರ್ಯ ಮಾಡಿ, ರಿಕ್ಷಾ ಹಿಡಿದು ಆ ಓಣಿಯ ತುದಿಯವರೆಗೆ ಹೋದೆ. ಮಧ್ಯಾಹ್ನ, ಬಾಗಿಲುಗಳಲ್ಲಿ ಹೆಂಗಸರು ತಲೆ ಬಾಚಿಕೊಳ್ಳುತ್ತ ಕೂತಿದ್ದರು. ಹಸಿರು ಸೀರೆ ಕಾಣಲಿಲ್ಲ. ರಿಕ್ಷಾದವನು, "ಇಳೀತೀರಾ ಬೆನ್?" ಅಂತ ಎರಡು ಸಲ ಕೇಳಿದ. ನಾನು ಇಳಿಯಲಿಲ್ಲ.

ಅದೇ ವರ್ಷ ಬಾಳವ್ವನ ಕಾರ್ಡು ಬಂತು, ವಡೋದರೆಯ ವಿಳಾಸ ಹೊಡೆದು ಸೂರತ್ತಿಗೆ ತಿರುಗಿಸಿದ್ದು. ಊರಿನ ಮಾಸ್ತರರ ಕೈಯಲ್ಲಿ ಬರೆಸಿದ್ದಳು. ಎಲ್ಲರ ಕ್ಷೇಮ ಕೇಳಿ, ಕೊನೆಗೆ, ಮಗಳು ಈಗ ಎಷ್ಟನೇ ಇಯತ್ತೆ ಓದುತ್ತಿದ್ದಾಳೆ, ಒಂದು ಫೋಟೋ ಕಳಿಸಿದರೆ ಉಪಕಾರ ಅಂತ ಇತ್ತು. ನಾನು ಉತ್ತರ ಬರೆದೆ. ಹೌದು, ಬರೆದೆ! ನೀಲವ್ವ ಚೆನ್ನಾಗಿದ್ದಾಳೆ, ಬೇರೆ ಒಳ್ಳೆಯ ಮನೆಯಲ್ಲಿದ್ದಾಳೆ, ಅವರು ಓದಿಸುತ್ತಿದ್ದಾರೆ ಅಂತ. ಕೋರ್ಟಿನ ಸುಳ್ಳು ಹೆದರಿಕೆಯಲ್ಲಿ ಬಾಯಿಂದ ಬಂದದ್ದು. ಇದನ್ನು ಊಟ ಮಾಡಿ, ಕೈ ತೊಳೆದು, ಮೇಜಿನ ಮುಂದೆ ಕೂತು ಚಂದದ ಅಕ್ಷರದಲ್ಲಿ ಬರೆದೆ. ಮತ್ತೆ ಎರಡು ಕಾರ್ಡು ಬಂದವು. ಅವಕ್ಕೆ ಉತ್ತರ ಬರೆಯಲಿಲ್ಲ. ಆಮೇಲೆ ಬರಲಿಲ್ಲ.

ಸಂಘಕ್ಕೆ ಹೋಗುವುದನ್ನು ಕಡಿಮೆ ಮಾಡಿದೆ. ಯಾರಾದರೂ ಆಸ್ಪತ್ರೆಗೆ, ಕಚೇರಿಗೆ ಕರೆದರೆ ಕಾಲು ನೋವು ಅನ್ನುತ್ತಿದ್ದೆ. "ಲಲಿತಾ ಯಾಕೋ ಮೆತ್ತಗಾಗಿಬಿಟ್ಲು" ಅಂದರು ಜನ. ಪುಟ್ಟಿಯ ಮಾತನ್ನು ಮಾತ್ರ ನನ್ನಿಂದ ತಿದ್ದಲಾಗಲಿಲ್ಲ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಗುಜರಾತಿ, ಮನೆಯಲ್ಲಿ ಕನ್ನಡ ಅಂತ ಬಾಯಿ ತೆರೆದರೆ ಅದೇ — "ಹೌದs?", "ಬ್ಯಾಡ ಬಿಡು", "ಯಾಕ ಅಳಾಕ ಹತ್ತಿ ಅವ್ವಾ?" ನನ್ನ ಅಡುಗೆಮನೆಯಲ್ಲಿ ಮೂವತ್ತು ವರ್ಷ ನೀಲವ್ವ ಮಾತಾಡಿದಳು. ನಾನು ಒಲೆಯ ಕಡೆ ಮುಖ ಮಾಡಿಕೊಂಡು ಕೇಳಿದೆ.

ನಾವು ಮತ್ತೆ ವಡೋದರೆಗೇ ಬಂದೆವು; ಪುಟ್ಟಿ ಈಗ ಇಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ನನ್ನ ಜೊತೆಗೇ ಇದ್ದಾಳೆ. ಕಳೆದ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಲು ಬೀರು ಖಾಲಿ ಮಾಡುತ್ತಿದ್ದಾಗ ಅವಳ ಕೈಗೆ ಆ ಚೀಲ ಸಿಕ್ಕಿತು. ಕನ್ನಡ ಮಾತಾಡುತ್ತಾಳೆಯೇ ಹೊರತು ಓದಲು ಬಾರದು. "ಇದು ಯಾರದವ್ವಾ?" ಅಂದಳು.

"ನಿನ್ನನ್ನ ಎತ್ತಿ ಆಡಿಸಿದವಳದ್ದು" ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನೆಲದ ಮೇಲೆ, ಸೀರೆಗಳ ರಾಶಿಯ ನಡುವೆ ಕೂತು ಎಲ್ಲ ಹೇಳಿದೆ. ಮಿರಜ್ ಸ್ಟೇಷನ್ನಿನಿಂದ ಕಾರ್ಡಿನವರೆಗೆ. ನಾನು ಮುಗಿಸಿದ ಮೇಲೂ ಅವಳು ಆ ಕಾಗದ ತೊಡೆಯ ಮೇಲಿಟ್ಟುಕೊಂಡು ಎದ್ದು ಹೋಗದೆ ಕೂತಿದ್ದಳು. ಮೂರು ದಿನ ನನ್ನ ಜೊತೆ ಗುಜರಾತಿಯಲ್ಲಿ ಮಾತಾಡಿದಳು, ಬೇಕಾದಷ್ಟೇ. ಕನ್ನಡ ಬಾಯಿಗೆ ತರಲಿಲ್ಲ. ನನಗೆ ಇದಕ್ಕಿಂತ ಶಿಕ್ಷೆ ಬೇಕಿರಲಿಲ್ಲ.

ನಾಲ್ಕನೆಯ ದಿನ ನಾನೇ ಹೇಳಿದೆ — ಜಮಖಂಡಿ ಕಡೆ ಹೋಗುತ್ತೇನೆ, ಊರಿನ ಹೆಸರು ಈ ಕಾಗದದಲ್ಲೇ ಇದೆ ಅಂತ. ಬಾಳವ್ವ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ನೀಲವ್ವ ಎಂದಾದರೂ ಆ ಮನೆಯ ಹೊಸ್ತಿಲು ಮುಟ್ಟಿದಳೋ, ಅದೂ ಗೊತ್ತಿಲ್ಲ. ಮುಟ್ಟಿದ್ದರೆ ನನ್ನ ಮುಖಕ್ಕೆ ಉಗಿಯಲಿ. ಮುಟ್ಟಿರದಿದ್ದರೆ, ಆ ತಾಯಿ ಇನ್ನೂ ನನ್ನ ಕಾರ್ಡನ್ನೇ ನಂಬಿಕೊಂಡು, ಓದಿ ದೊಡ್ಡವಳಾದ ಮಗಳು ತನ್ನನ್ನು ಮರೆತಳು ಅಂತ ಮಗಳ ಮೇಲೆ ಮುನಿಸಿಕೊಂಡಿರಬಹುದು. ಆ ಮುನಿಸು ನನ್ನ ಪಾಲಿನದು. ಅದನ್ನು ತೆಗೆದುಕೊಂಡು ಬರಬೇಕು. ನಿಮ್ಮ ಮಗಳು ನನ್ನ ಗುರುತು ಹಿಡಿದಳು, ನಾನು ಅವಳದ್ದು ಹಿಡಿಯಲಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಕ್ಷಮೆ ಕೇಳಲು ಹೋಗುತ್ತಿಲ್ಲ. ಅದನ್ನು ಕೊಡಬೇಕಾದವಳು ಎಲ್ಲಿದ್ದಾಳೋ!

ಪುಟ್ಟಿ ನನ್ನ ಮಾತು ಮುಗಿಯುವವರೆಗೆ ಕೇಳಿದಳು. ಆಮೇಲೆ, ಆ ಮೂರು ದಿನ ಕಳೆದು ಮೊದಲ ಸಲ, ಕನ್ನಡದಲ್ಲಿ ಮಾತಾಡಿದಳು.

"ನಾನೂ ಬರ್ತೀನವ್ವಾ. ನೀ ಒಬ್ಬಾಕಿನs ಹೋದ್ರ ಅಲ್ಲಿನೂ ಬ್ಯಾರೆ ಏನರ ಹೇಳಿ ಬರ್ತಿ."

ಎರಡು ಟಿಕೆಟ್ ತೆಗೆಸಿದ್ದೇವೆ. ದಾಖಲೆಯನ್ನು ಪುಟ್ಟಿ ತನ್ನ ಚೀಲದಲ್ಲಿಟ್ಟುಕೊಂಡಿದ್ದಾಳೆ. ನನ್ನ ಕೈಗೆ ಕೊಡಲಿಲ್ಲ.